ಎಂಜಿನ್ ಉಜ್ಜಿದ ವಾರ

ಮನುಷ್ಯ ತನ್ನ ತಪ್ಪು ಮುಚ್ಚಿಕೊಳ್ಳಲು ದುಡಿಯುವಷ್ಟು ಶ್ರದ್ಧೆಯಿಂದ ಹೊಟ್ಟೆಪಾಡಿಗೂ ದುಡಿಯುವುದಿಲ್ಲ ಎಂಬುದು ನನ್ನ ಅನುಭವ. ನಾನು ಸ್ವಭಾವತಃ ಸೋಮಾರಿ. ಕೊಟ್ಟಿಗೆಹಾರದ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಹದಿನಾಲ್ಕು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದರೂ ನನ್ನ ಮೇಜಿನ ಧೂಳನ್ನು ನಾನಾಗಿ ಒರೆಸಿದ್ದು ಸಾಹುಕಾರರು ಬರುತ್ತಾರೆಂದು ಮೊದಲೇ ಗೊತ್ತಾದ ದಿನಗಳಲ್ಲಿ ಮಾತ್ರ. ಅಂಥ ನಾನು ವಾರಪೂರ್ತಿ, ಬೆರಳಿನ ಚರ್ಮ ಸುಲಿಯುವವರೆಗೆ, ಒಂದು ಮೋಟಾರ್‌ಸೈಕಲ್ಲಿನ ಎಂಜಿನ್ ಉಜ್ಜಿದೆ ಎಂದರೆ ನನ್ನ ತಪ್ಪು ಎಷ್ಟು ದೊಡ್ಡದಿದ್ದಿರಬೇಕೆಂದು ನೀವೇ ಊಹಿಸಿ.

ಗಾಡಿ ನನ್ನದಲ್ಲ, ವಸ್ತಾರೆಯಲ್ಲಿದ್ದ ನನ್ನ ಅಣ್ಣನದು. ಕಾಫಿ ವ್ಯಾಪಾರಿಯೊಬ್ಬರ ಪರವಾಗಿ ಎಸ್ಟೇಟಿನಿಂದ ಎಸ್ಟೇಟಿಗೆ ಹೋಗಿ ಸ್ಯಾಂಪಲ್ ತರುವುದು ಅವನ ಕೆಲಸ. ಇಪ್ಪತ್ತು ವರ್ಷ ಅದೇ ಗಾಡಿಯಲ್ಲಿ ಮೂಡಿಗೆರೆ, ಕಳಸ ಎಂದು ಸುತ್ತಿದ. ಆಮೇಲೆ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಆಸ್ಪತ್ರೆಯಿಂದ ಬಂದ ವಾರವೇ ನನ್ನನ್ನು ಕರೆಸಿ ಕೀ ಕೊಟ್ಟ. “ನಿಲ್ಸಿದ್ರೆ ಹಾಳಾಗುತ್ತೆ ಕಣೋ. ವಾರಕ್ಕೊಂದ್ಸಲನಾದ್ರೂ ಓಡ್ಸು” ಎಂದ. ನಾನು ಎರಡು ತಿಂಗಳು ಓಡಿಸಿದೆ. ಆಮೇಲೆ ಮಳೆ ಹಿಡಿಯಿತು, ಮಳೆ ಬಿಟ್ಟ ಮೇಲೆ ಕೊಯ್ಲು ಬಂತು, ಕೊಯ್ಲು ಮುಗಿದ ಮೇಲೆ ಕಾರಣ ಹುಡುಕುವ ಅಗತ್ಯವೇ ಬೀಳಲಿಲ್ಲ. ಗಾಡಿ ಮೂರು ವರ್ಷ ಗೋಣಿಚೀಲ ಇಡುವ ಶೆಡ್ಡಿನಲ್ಲಿ ನಿಂತಿತು. ಅದರ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ಅಣ್ಣ ಕೇಳಿದಾಗಲೆಲ್ಲ “ಚೆನ್ನಾಗಿದೆ ಅಣ್ಣ” ಎನ್ನುತ್ತಿದ್ದೆ. ಕೋಳಿಯ ಮಟ್ಟಿಗೆ ಅದು ಸುಳ್ಳಲ್ಲ.

ಒಂದು ಸೋಮವಾರ ಎಸ್ಟೇಟ್ ಆಫೀಸಿಗೆ ಅತ್ತಿಗೆಯ ಫೋನ್ ಬಂತು. “ಭಾನುವಾರ ಕಾರು ಮಾಡ್ಕೊಂಡು ಬರ್ತೀವಿ ಕಣಪ್ಪ. ಇವ್ರಿಗೆ ಗಾಡಿ ನೋಡ್ಬೇಕಂತೆ.”

ಕೂಡಲೇ ಹೋಗಿ ಕೊಟ್ಟಿಗೆಹಾರದ ಮೆಕ್ಯಾನಿಕ್ ಪುಟ್ಟಸ್ವಾಮಿಯನ್ನು ಕರೆತಂದೆ. ಎಣ್ಣೆ, ಕೆಮ್ಮಣ್ಣು, ಗೋಣಿನಾರು ಸೇರಿ ಕರಿ ಹೆಪ್ಪುಗಟ್ಟಿದ್ದ ಎಂಜಿನ್ನನ್ನು ಅವನು ಬಗ್ಗಿ ನೋಡಿದ. “ರೈಟ್ರೇ, ಇದು ಎಂಜಿನ್ನಾ, ಬಚ್ಚಲ ಹಂಡೆನಾ?” ಎಂದು ಕೇಳಿ, ಎರಡು ಪಕ್ಕದ ಅಲ್ಯೂಮಿನಿಯಂ ಕವರ್‌ಗಳನ್ನು ಬಿಚ್ಚಿಕೊಟ್ಟ. ಸೀಮೆಎಣ್ಣೆ ಹಾಕಿ ಬ್ರಷ್ಷಿನಲ್ಲಿ ತಿಕ್ಕಬೇಕು, ಆಮೇಲೆ ನೀರು ಹಚ್ಚಿದ ಎಮರಿ ಪೇಪರಿನಲ್ಲಿ ನಿಧಾನವಾಗಿ ಉಜ್ಜಬೇಕು ಎಂದು ಹೇಳಿಕೊಟ್ಟ. ಹೋಗುವಾಗ, “ಕಾರ್ಬೊರೇಟರೂ ಬಿಚ್ಚಿ ನೋಡ್ತೀನಿ, ಸ್ಟಾರ್ಟ್ ಆಗ್ಬೇಕಲ್ಲ” ಎಂದ.

“ಅದೆಲ್ಲ ಆಮೇಲೆ ಮಾರಾಯ. ಮೊದ್ಲು ಮುಖ ತೊಳೆಯೋಣ” ಎಂದೆ.

ಎರಡು ದಿನ ಸೀಮೆಎಣ್ಣೆಯಲ್ಲಿ ತಿಕ್ಕಿದೆ. ಅನ್ನದಲ್ಲೂ ಸೀಮೆಎಣ್ಣೆಯ ವಾಸನೆ ಬಂತು. ನನ್ನ ಹೆಂಡತಿ ಸುಮಿತ್ರ ಅಡುಗೆಮನೆಯ ಬಾಗಿಲಲ್ಲೇ ತಟ್ಟೆ ಕೊಟ್ಟು, “ನನ್ ಪಾತ್ರೆ ಒಂದ್ ದಿನ ಹೀಗೆ ತಿಕ್ಕಿದ್ದುಂಟಾ?” ಎಂದಳು. ಮೂರನೆಯ ದಿನ ತಾಳ್ಮೆ ಕೆಟ್ಟಿತು. ಎಸ್ಟೇಟಿನ ಸ್ಟೋರಿನಲ್ಲಿ ಮೋರಿಯ ಪೈಪು ತೊಳೆಯುವ ಕಾಸ್ಟಿಕ್ ಸೋಡಾ ಇತ್ತು. ಬೆಳಿಗ್ಗೆ ಒಂದು ಕವರನ್ನು ಬಕೆಟ್ಟಿಗೆ ಹಾಕಿ, ಸೋಡಾ ಸುರಿದು, ನೀರು ತುಂಬಿ ಕೆಲಸಕ್ಕೆ ಹೋದೆ. ಅರ್ಧ ಗಂಟೆಯಲ್ಲಿ ಬರುವ ಯೋಚನೆ. ಆದರೆ ಮೇಸ್ತ್ರಿಗೂ ಕೆಲಸದವರಿಗೂ ಜಗಳ ಹತ್ತಿ, ಬಿಡಿಸಿ ಬರುವಾಗ ಮಧ್ಯಾಹ್ನವಾಯಿತು. ಬಕೆಟ್ ನೊರೆಗರೆಯುತ್ತಿತ್ತು, ಮುಟ್ಟಿದರೆ ಬಿಸಿ. ಕೋಲಿನಿಂದ ಕವರನ್ನು ಎತ್ತಿದೆ. ಕೊಳೆ ಹೋಗಿತ್ತು, ಜೊತೆಗೆ ಅಲ್ಯೂಮಿನಿಯಮ್ಮೂ ಹೋಗಿತ್ತು. ಉಳಿದದ್ದು ಕಪ್ಪಾಗಿ, ಸಿಡುಬು ಬಂದವರ ಮುಖದಂತೆ ಗುಳಿ ಬಿದ್ದಿತ್ತು.

ಆ ಗುಳಿಗಳನ್ನು ಅಳಿಸಲು ಮೂರು ದಿನ ಉಜ್ಜಿದೆ. ಮೊದಲು ಒರಟು ಕಾಗದ, ಆಮೇಲೆ ನಯ, ಕೊನೆಗೆ ಬಟ್ಟೆಗೆ ಪಾಲಿಶ್ ಹಚ್ಚಿಕೊಂಡು. ಶನಿವಾರ ಸಂಜೆ ಕವರ್‌ಗಳನ್ನು ಮತ್ತೆ ಕೂರಿಸಿದಾಗ ಅವುಗಳಲ್ಲಿ ನನ್ನ ಮುಖ ಕಂಡಿತು. ಖುಷಿಪಡುವಂಥ ಮುಖವೇನೂ ಆಗಿರಲಿಲ್ಲ.

ಭಾನುವಾರ ಅಣ್ಣ ಕೋಲೂರಿಕೊಂಡು ಕಾರಿನಿಂದಿಳಿದ. ಗಾಡಿಯ ಪಕ್ಕ ಕುರ್ಚಿ ಹಾಕಿಸಿದೆ. ಹೊಳಪಿನತ್ತ ಅವನು ಕಣ್ಣೆತ್ತಿ ನೋಡಲೂ ಇಲ್ಲ. “ಸ್ಟಾರ್ಟ್ ಮಾಡೋ” ಎಂದ.

ನಾನು ಕಿಕ್ ಹೊಡೆದೆ. ಇಪ್ಪತ್ತು, ಮೂವತ್ತು, ಆಮೇಲೆ ಎಣಿಸಲಿಲ್ಲ. ಬೆವರು ಇಳಿದು ಕಣ್ಣಿಗೆ ಬಂತು. ಎಂಜಿನ್ ಒಂದು ಸಲ ಕೆಮ್ಮಲೂ ಇಲ್ಲ. ಅಣ್ಣ ಬಲಗೈ ಎತ್ತಿ ಸಾಕೆಂದ. “ಶಬ್ದ ಕೇಳ್ಬೇಕು ಅನ್ನಿಸ್ತು. ಅದಕ್ಕೇ ಬಂದೆ. ಇರ್ಲಿ ಬಿಡು.” ಊಟಕ್ಕೆ ಕುಳಿತಾಗಲೂ ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಎರಡು ತುತ್ತು ಸೇರುತ್ತಿತ್ತು.

ಮರುದಿನವೇ ಪುಟ್ಟಸ್ವಾಮಿ ಕಾರ್ಬೊರೇಟರ್ ಬಿಚ್ಚಿ, ಒಳಗೆ ಅಂಟಾಗಿದ್ದ ಹಳೆ ಪೆಟ್ರೋಲು ತೆಗೆದ. ಅರ್ಧ ದಿನದ ಕೆಲಸ. ಗಾಡಿ ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಮುಂದಿನ ಭಾನುವಾರ ವಸ್ತಾರೆಗೆ ಹೋಗೋಣ ಎಂದುಕೊಂಡೆ. ಆ ಭಾನುವಾರ ಏನೋ ಕೆಲಸ ಬಂತು, ಅದರ ಮುಂದಿನ ಭಾನುವಾರ ಇನ್ನೇನೋ. ಮೂರನೆಯ ವಾರ, ಅಣ್ಣನಿಗೆ ಮತ್ತೆ ಪಾರ್ಶ್ವವಾಯು ಹೊಡೆದು ಆಸ್ಪತ್ರೆಯಿಂದ ಮನೆಗೆ ತಂದಿದ್ದಾರೆಂದು ಸುದ್ದಿ ಬಂತು. ಆ ಕ್ಷಣವೇ ಹೊರಟೆ, ಅದೇ ಗಾಡಿಯಲ್ಲಿ.

ಅಂಗಳದಲ್ಲಿ ಗಾಡಿ ನಿಲ್ಲಿಸುವಾಗ ಅಣ್ಣ ಜಗಲಿಯ ಕುರ್ಚಿಯಲ್ಲಿದ್ದ. ಮುಖ ಅರಳಿತು. “ನನ್ ಗಾಡಿ” ಎಂದು ಅತ್ತಿಗೆಗೆ ಹೇಳಿದ. ನಾನು ಮೆಟ್ಟಿಲು ಹತ್ತಿ ಹತ್ತಿರ ಹೋದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ರಿಪೇರಿ ಮಾಡಿದ್ದು ನೀವಾ?” ಎಂದು ಕೇಳಿದ.

ಅತ್ತಿಗೆ ಹಿಂದಿನಿಂದ ಮೆಲ್ಲಗೆ, “ಯಾರ ಗುರ್ತೂ ಸಿಗ್ತಿಲ್ಲ ಕಣಪ್ಪ, ಬೇಜಾರ್ ಮಾಡ್ಕೋಬೇಡ” ಎಂದರು.

“ಹೌದು” ಎಂದೆ.

“ಚೆನ್ನಾಗ್ ಮಾಡಿದೀರಿ. ಕೂತ್ಕೊಳ್ಳಿ, ಕಾಫಿ ಕುಡ್ಕೊಂಡ್ ಹೋಗಿ.” ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಮತ್ತೆ ಹೇಳಿದ: “ನನ್ ತಮ್ಮಂಗೆ ಕೊಟ್ಟಿದ್ದೆ. ಎಷ್ಟ್ ಚೆನ್ನಾಗ್ ಇಟ್ಕೊಂಡಿದಾನೆ ನೋಡಿ.”

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಕಾಫಿ ತರಲು ಒಳಗೆ ಹೋದರು. ಅಣ್ಣ ನನ್ನ ಉತ್ತರಕ್ಕೆ ಕಾಯುತ್ತಿದ್ದ.

“ಹೌದು ಸ್ವಾಮಿ, ನಿಮ್ ತಮ್ಮ ತುಂಬಾ ಚೆನ್ನಾಗ್ ನೋಡ್ಕೊಂಡಿದಾರೆ” ಎಂದೆ. ನನ್ನನ್ನು ನಾನೇ ಬಹುವಚನದಲ್ಲಿ ಹೊಗಳಿಕೊಂಡದ್ದು ಅದೇ ಮೊದಲು.