ಬಣ್ಣದ ಮಾತ್ರೆ ಬರೆಯದ ಹಲ್ಲಿನ ಡಾಕ್ಟರು

ಹಲ್ಲು ಕೀಳುವುದು ಕಷ್ಟದ ಕೆಲಸವಲ್ಲ. ಕಿತ್ತ ಮೇಲೆ ಮಾತ್ರೆ ಬರೆಯದೆ ಇರುವುದಿದೆಯಲ್ಲ, ಅದಕ್ಕೆ ಗುಂಡಿಗೆ ಬೇಕು. ಆ ಗುಂಡಿಗೆ ನನಗಿದೆ ಎಂದು ಯಾವ ಸಂಕೋಚವೂ ಇಲ್ಲದೆ ಹೇಳಿಕೊಳ್ಳುತ್ತೇನೆ. ಕಡೂರಿನಲ್ಲಿ ನನ್ನದೊಂದು ಹಲ್ಲಿನ ಕ್ಲಿನಿಕ್ಕು. ಸಲೀಸಾಗಿ ಬಂದ ಹಲ್ಲಿಗೆ ನೋವಿನ ಮಾತ್ರೆ, ಮಾರನೆಯ ದಿನದಿಂದ ಉಪ್ಪುನೀರು, ಅಷ್ಟೆ. ಆ್ಯಂಟಿಬಯೋಟಿಕ್ ಬೇಕಾದವರಿಗೆ ಬರೆಯುತ್ತೇನೆ. ಬೇಡದವರಿಗೆ ದೇವರು ಬಂದು ಹೇಳಿದರೂ ಬರೆಯುವುದಿಲ್ಲ. ದೇವರು ಇನ್ನೂ ಬಂದಿಲ್ಲ. ಬಂದವರೆಲ್ಲ ಚೀಟಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿ, "ಇಷ್ಟೇನಾ ಡಾಕ್ಟ್ರೇ?" ಎನ್ನುತ್ತಾರೆ. ನೀನು ಓದಿದ್ದು ಇಷ್ಟೇನಾ ಎಂದು ಕೇಳಿದಂತಿರುತ್ತದೆ ಆ ದನಿ.

ಹೊರಗಿನವರನ್ನು ಹೇಗೋ ಸುಧಾರಿಸಬಹುದು. ಒಂದು ದಿನ ಹಿರೇನಲ್ಲೂರಿನಿಂದ ನಮ್ಮ ಅತ್ತೆಯೇ ದವಡೆ ಹಿಡಿದುಕೊಂಡು ಬಂದರು. ಅವರು ಮೆಚ್ಚಿದರೆ ಆ ಊರಿನ ಅರ್ಧ ಹಲ್ಲು ನನ್ನ ಪಾಲು. ಮೆಚ್ಚದಿದ್ದರೆ ಮನೆಯಲ್ಲಿ ಹೆಂಡತಿಯ ಮುಂದೆ ತಲೆ ಎತ್ತುವಂತಿಲ್ಲ. ಹೂವೆತ್ತಿದ ಹಾಗೆ ಹಲ್ಲು ಕಿತ್ತೆ. ಚೀಟಿ ನೋಡಿ ಅವರ ಮುಖ ಸಣ್ಣಗಾಯಿತು.

"ಅಲ್ರೀ ಅಳಿಯಂದ್ರೇ, ಕೆಂಪುಂದು, ಹಳದೀದು ಒಂದೂ ಇಲ್ವಲ್ರೀ! ಕಿತ್ತಿರೋದು ಹಲ್ಲು ಕಣ್ರೀ, ಕಾಲ್ಮುಳ್ಳಲ್ಲ!"

ನಾನು ಜಗ್ಗಲಿಲ್ಲ. ಅವರೂ ಜಗ್ಗಲಿಲ್ಲ. ನೆಟ್ಟಗೆ ಅಜ್ಜಂಪುರದ ಬಸ್ಸು ಹತ್ತಿ, ಕೇಳಿದಷ್ಟು ಬರೆಯುವ ಡಾಕ್ಟರೊಬ್ಬರಿಂದ ಬಣ್ಣಬಣ್ಣದ ಆ್ಯಂಟಿಬಯೋಟಿಕ್ ಮಾತ್ರೆ ಬರೆಸಿಕೊಂಡು ಬಂದರು. ಒಂದೆರಡು ದಿನ ನುಂಗುವಷ್ಟರಲ್ಲಿ ಹೊಟ್ಟೆ ಕೆಟ್ಟು ನಿಲ್ಲಿಸಿದರಂತೆ. ಹಲ್ಲಿನ ಗಾಯ ಅದರ ಪಾಡಿಗೆ ಮಾಯಿತು, ಕೀರ್ತಿಯೆಲ್ಲ ಅಜ್ಜಂಪುರಕ್ಕೆ ಹೋಯಿತು. ನನಗೆ ಉರಿದುಹೋಯಿತು.

ಮೊನ್ನೆ ನನ್ನದೇ ದವಡೆ ಹಲ್ಲು ಕೈಕೊಟ್ಟಿತು. ತನ್ನ ಹಲ್ಲು ತಾನೇ ಕೀಳುವ ವಿದ್ಯೆಯನ್ನು ನಮಗೆ ಕಲಿಸಿಲ್ಲ. ತರೀಕೆರೆಯಲ್ಲಿ ನನ್ನ ಜೊತೆ ಓದಿದ ಗೆಳೆಯನ ಕ್ಲಿನಿಕ್ಕಿದೆ. ಮಾತ್ರೆಯ ವಿಷಯದಲ್ಲಿ ಅವನು ನನಗಿಂತ ಜಿಪುಣ. ಮನೆಗೆ ಬಂದಿದ್ದ ಅತ್ತೆಯೂ ಜೊತೆಗೆ ಹೊರಟರು. ಮಮತೆಯೋ, ತಮಾಷೆ ನೋಡುವ ಆಸೆಯೋ ತಿಳಿಯದು. ಗೆಳೆಯ ಹಲ್ಲು ಕಿತ್ತು, ಹತ್ತಿ ಕಚ್ಚಿಸಿ, ಚೀಟಿ ಕೊಟ್ಟ. ನೋವಿನ ಮಾತ್ರೆ, ನಾಳೆಯಿಂದ ಉಪ್ಪುನೀರು. ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ. ಆದರೂ ಕೈ ತಾನಾಗಿಯೇ ಚೀಟಿಯನ್ನು ತಿರುಗಿಸಿತು. ಹತ್ತಿಯ ಸಂದಿಯಿಂದ ಮಾತೂ ಹೊರಬಿತ್ತು.

"ಇಷ್ಟೇನಾ?"

ಗೆಳೆಯ ಮರ್ಯಾದಸ್ಥ, ನಗು ಕಾಣದಂತೆ ಮೇಜಿನ ಕೆಳಗೆ ಏನೋ ಹುಡುಕತೊಡಗಿದ. ಅತ್ತೆ ಮಾತ್ರ ಚೀಲಕ್ಕೆ ಕೈ ಹಾಕಿ, ಅಜ್ಜಂಪುರದ ಆ ಕೆಂಪು, ಹಳದಿ ಮಾತ್ರೆಗಳನ್ನು ತೆಗೆದರು.

"ಮಿಕ್ಕಿದ್ವು ಮಡಗಿದ್ದೆ, ತಗಳಿ. ಯಾರ್ಗೂ ಹೇಳಲ್ಲ" ಎಂದರು ಮೆಲ್ಲಗೆ.

ಛೇ, ನಾನು ಅಂಥವನಲ್ಲ ಎಂದು ಹೇಳಬೇಕೆಂದುಕೊಂಡೆ. ನೋಡಿದರೆ, ನನ್ನ ಕೈ ಆಗಲೇ ಚಾಚಿಕೊಂಡಿತ್ತು.