ರಸ್ತೆಗೆ ಕಿವಿಗೊಟ್ಟ ಕಾಕಾ

ನಮ್ಮ ಕಾಕಾನಿಗೆ ಮನುಷ್ಯರ ಮಾತು ಕೇಳಿಸುವುದಿಲ್ಲ. ರಸ್ತೆಯ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ. ನಗಬೇಡಿ! ನಾನೂ ನಕ್ಕವಳೇ. ಈಗ ಆ ನಗು ಅರ್ಧಕ್ಕೇ ನಿಂತುಬಿಡುತ್ತದೆ. ಮೆಹದಿಪಟ್ಟಣಂನ ಆಸುಪಾಸಿನಲ್ಲಿ ಕಾಲಿನ ಹೆಬ್ಬೆರಳಿನಿಂದ ನೆಲವನ್ನು ಒತ್ತಿ ನೋಡಿ, ಆಮೇಲೆ ಹೆಜ್ಜೆ ಇಡುವ ಭೌತಶಾಸ್ತ್ರದ ಲೆಕ್ಚರರ್ ಒಬ್ಬಳು ಕಂಡರೆ ಅದು ನಾನೇ ಎಂದು ತಿಳಿಯಿರಿ.

ಕಾಕಾ ನನ್ನ ಅಪ್ಪನ ತಮ್ಮ, ಇದೇ ಹೈದರಾಬಾದಿನಲ್ಲಿ ಬದುಕಿಡೀ ಸೋರುವ ಪೈಪು ಹುಡುಕುವ ನೌಕರಿ ಮಾಡಿದವನು. ಅದಕ್ಕೊಂದು ಆಯುಧವಿತ್ತು: ಎದೆಮಟ್ಟದ ಕಬ್ಬಿಣದ ಸರಳು, ಅದರ ತಲೆಯ ಮೇಲೊಂದು ಹಿತ್ತಾಳೆ ಗುಂಡು. ಮೊಂಡು ತುದಿಯನ್ನು ನೆಲಕ್ಕೆ ಊರಿ, ಗುಂಡಿಗೆ ಕಿವಿಯ ಹಿಂದಿನ ಎಲುಬನ್ನು ಒತ್ತಿ ನಿಂತರೆ ಭೂಮಿಯೊಳಗೆ ನೀರು ಎಲ್ಲಿ ಸೋರುತ್ತಿದೆ ಎಂಬುದು ಎಲುಬಿನ ಮೂಲಕವೇ ತಿಳಿಯುತ್ತದಂತೆ. ನಿವೃತ್ತಿಯ ದಿನ ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ಟರು. ಕಾಕಾ ಗಡಿಯಾರವನ್ನು ಅಲ್ಲೇ ಮರೆತು ಸರಳನ್ನು ಹೊತ್ತು ತಂದ. ಪ್ರತಿ ವರ್ಷ ದಸರೆಯ ಖಂಡೆ ಪೂಜೆಯ ದಿನ ಮೊದಲ ಕುಂಕುಮ ಅದಕ್ಕೇ. ನನ್ನ ಸ್ಕೂಟಿಗೆ ಉಳಿದರೆ ಉಂಟು.

ಒಮ್ಮೆ ನನ್ನ ಸಂಬಂಧದ ಮಾತಿಗೆಂದು ಮಣಿಕೊಂಡಕ್ಕೆ ಹೋಗಿದ್ದೆವು. ಉಪ್ಪಿಟ್ಟು ಬಂತು, ಚಹಾ ಬಂತು, ಕಾಕಾ ಮಾತ್ರ ಕಾಣಲಿಲ್ಲ. ನೋಡಿದರೆ ಗಂಡಿನವರ ಗೋಡೆಗೆ ಸರಳು ಹಚ್ಚಿ ಕಣ್ಣು ಮುಚ್ಚಿ ನಿಂತಿದ್ದಾನೆ!

"ಬಚ್ಚಲ ಗ್ವಾಡ್ಯಾಗ ಪೈಪ್ ಸೋರಾಕತ್ತೈತ್ರಿ," ಎಂದು ಘೋಷಿಸಿದ. "ಹುಡುಗನ ಖೋಲಿ ಆ ಕಡೀಗೇ ಐತೇನು? ಹುಡುಗಗ ಥಂಡಿ ಹತ್ತತೈತಿ ನೋಡ್ರಿ."

ಅದೇ ಗಳಿಗೆಗೆ ಹುಡುಗ ಸೀನಬೇಕೇ! ಸಂಬಂಧ ಅಲ್ಲಿಗೇ ಮುಗಿಯಿತು. ವಾರದ ನಂತರ ಅವರ ಮನೆಯಿಂದ ಫೋನ್ ಬಂತು, ನಿಜ. ಆದರೆ ಕೇಳಿದ್ದು ಕಾಕಾನನ್ನು.

ಕಾಕಾನಿಗೆ ಉರ್ದು, ತೆಲುಗು, ಹಿಂದಿ ಎಲ್ಲ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದವು. ಕಿವಿ ಪೂರ್ತಿ ಮುಚ್ಚಿದ ದಿನವೇ ಕನ್ನಡ ಒಂದನ್ನು ಬಿಟ್ಟು ಉಳಿದವಕ್ಕೆಲ್ಲ ರಾಜೀನಾಮೆ ಕೊಟ್ಟ. "ಅವರು ತಿರುಗಿ ಏನಂತಾರ ಅನ್ನೂದ ಕೇಳಿಸಂಗಿಲ್ಲ. ಮತ್ತ ಅವರ ಭಾಷಾದಾಗ ನಾ ಯಾಕ ಮಾತಾಡ್ಲಿ?" ಈ ತರ್ಕಕ್ಕೆ ಉತ್ತರ ಗೊತ್ತಿದ್ದವರು ನನಗೂ ತಿಳಿಸಿ. ಹೀಗಾಗಿ ನಾನು ಅವನ ದುಭಾಷಿಯಾದೆ. ಕಾಕಾನ ಕನ್ನಡವನ್ನು ಜನಕ್ಕೆ ತೆಲುಗಿನಲ್ಲಿ ಹೇಳುವುದು, ಜನರ ಉತ್ತರವನ್ನು ಕಾಕಾನಿಗೆ ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸುವುದು. ಸಂಬಳವಿಲ್ಲ, ರಜೆಯಿಲ್ಲ.

ಇಂಥ ಕಾಕಾ ಇರುವ ಓಣಿಯ ತುದಿಗೇ ನೆಲದಡಿಯ ಮೆಟ್ರೊ ನಿಲ್ದಾಣ ಬರಬೇಕೆ!

ಮೊದಲು ಫಂಕ್ಷನ್ ಹಾಲಿನಲ್ಲಿ ಸಭೆ ನಡೆಯಿತು. ಪರದೆಯ ಮೇಲೆ ಬಣ್ಣದ ಚಿತ್ರಗಳು. ಚಿತ್ರದಲ್ಲಿನ ನಮ್ಮ ರಸ್ತೆಯಲ್ಲಿ ಒಂದೂ ಆಟೋ ಇರಲಿಲ್ಲ, ಒಬ್ಬರಿಗೂ ಹೊಟ್ಟೆ ಇರಲಿಲ್ಲ! ಕೆಲಸದ ಉಸ್ತುವಾರಿ ಹೊತ್ತ ಎಳೆ ವಯಸ್ಸಿನ ಇಂಜಿನಿಯರು ಚಂದದ ತೆಲುಗಿನಲ್ಲಿ ಎಲ್ಲ ವಿವರಿಸಿ, "ಪ್ರಶ್ನೆಗಳಿವೆಯೇ?" ಎಂದರು. ಕಾಕಾ ಸರಳಿನಿಂದ ನೆಲ ಕುಟ್ಟಿ ಎದ್ದು ನಿಂತ.

"ನಿಮ್ಮ ಎರಡನೇ ಗೇಟಿನ ಬಾಜೂಕ, ಇಡ್ಲಿ ಬಂಡಿ ನಿಲ್ತೈತಲ್ಲ, ಅದರ ಕೆಳಗ ಹಳೀ ಪೈಪ್ ಐತಿ. ಅದರ ಬಾಯಿಗೆ ಬರೇ ಕಟಿಗಿ ಗೂಟ ಬಡದೈತಿ. ನೀವು ಅಗ್ಯಾಕ ಹತ್ತಿದ್ರ ನೆಲ ನಡಗತೈತಿ, ಗೂಟ ಸಡ್ಲ ಆಕ್ಕೈತಿ."

ಹೇಳಿದೆ. ಯಾವ ನಕ್ಷೆಯಲ್ಲಿದೆ ಎಂದು ಇಂಜಿನಿಯರು ವಿನಯದಿಂದಲೇ ಕೇಳಿದರು. ಪಾಟಿಯ ಮೇಲೆ ಬರೆದೆ.

"ನಕ್ಷಾದಾಗ ಇಲ್ಲ. ನನ್ನ ತಲ್ಯಾಗ ಐತಿ."

ಹಾಲಿಗೆ ಹಾಲೇ ನಕ್ಕಿತು. "ನಕ್ಷೆಯಲ್ಲಿ ಯಾಕಿಲ್ಲ?" ಎಂದು ಇಂಜಿನಿಯರು ಕೇಳಿದ್ದನ್ನೂ ಬರೆದು ತೋರಿಸಿದೆ. ಕಾಕಾ ಅದನ್ನು ನೋಡಿದ, ಧೋತರದ ಚುಂಗಿನಿಂದ ಒರೆಸಿದ, ಕೂತುಬಿಟ್ಟ.

"ಚಷ್ಮಾ ತಂದಿಲ್ಲ," ಎಂದ. ಚಷ್ಮಾ ಮೂಗಿನ ಮೇಲೇ ಇತ್ತು!

ಕೊನೆಯ ಸಾಲಿನಲ್ಲಿ ನನ್ನ ಇಬ್ಬರು ವಿದ್ಯಾರ್ಥಿಗಳು ಕೂತಿದ್ದರು. ಮಾರನೆಯ ದಿನ ನಾನು ತರಗತಿಗೆ ಕಾಲಿಡುತ್ತಲೇ ಹಿಂದಿನ ಬೆಂಚಿನಿಂದ ಯಾರೋ ಸ್ಕೇಲಿನಿಂದ ನೆಲ ಕುಟ್ಟಿದರು.

ನೀಲಿ ತಗಡಿನ ಬೇಲಿ ಎದ್ದಿತು. ಅದರಾಚೆ ಅಗೆತ, ಈಚೆ ಕಾಕಾ. ಬೆಳಿಗ್ಗೆ ಮಡಚುವ ಕುರ್ಚಿ ಹಿಡಿದು ಡ್ಯೂಟಿಗೆ ಹೋಗುವವನಂತೆ ಹೋಗುತ್ತಿದ್ದ. ದಿನ ಬಿಟ್ಟು ದಿನ ನಳಕ್ಕೆ ನೀರು ಬರುವ ಹೊತ್ತಿಗೆ ಸರಿಯಾಗಿ, ಇಡ್ಲಿ ಬಂಡಿಯ ಪಕ್ಕದಲ್ಲಿ ಸರಳು ಊರಿ ಆಲಿಸುತ್ತಿದ್ದ. ನೋಡಲು ಬಂದವರು ಹೇಗೂ ಬಂದೆವೆಂದು ಇಡ್ಲಿ ತಿನ್ನುತ್ತಿದ್ದರು. ಹಾಗಾಗಿ ಬಂಡಿಯ ಅಕ್ಕನಿಗೂ ಕಾಕಾನ ಮೇಲೆ ವಿಶ್ವಾಸ.

ಒಂದು ದಿನ ಇಂಜಿನಿಯರು ಇಡ್ಲಿಗೆ ಬಂದಾಗ ಕಾಕಾ ಅವರ ಕೈ ಹಿಡಿದುಕೊಂಡು, ಪಕ್ಕದಲ್ಲಿದ್ದ ನನ್ನನ್ನು ಕರೆದ. "ತಂಗಿ, ಈತಗ ಹೇಳು. ಗೂಟ ಮಿಸುಕಾಕತ್ತೈತಿ. ಇಲ್ಲಿ ಅಗದು ನೋಡ್ರಿ ಅನ್ನು."

"ಏಮಂಟುನ್ನಾರು ಮೇಡಂ?" ಏನು ಹೇಳುತ್ತಿದ್ದಾರೆಂದು ಇಂಜಿನಿಯರು ನನ್ನತ್ತ ತಿರುಗಿದರು. ಸುತ್ತ ನಾಲ್ಕಾರು ಇಡ್ಲಿ ತಟ್ಟೆಗಳು ಗಾಳಿಯಲ್ಲೇ ನಿಂತವು. ನನಗೆ ಆ ಹಾಲಿನ ನಗು ನೆನಪಾಯಿತು. ಆ ಸ್ಕೇಲಿನ ಸದ್ದೂ ನೆನಪಾಯಿತು.

"ನಿಮ್ಮ ಕೆಲಸ ಬಹಳ ಚೆನ್ನಾಗಿ ನಡೆದಿದೆ ಅಂತಿದ್ದಾರೆ," ಎಂದೆ.

ಇಂಜಿನಿಯರ ಮುಖ ಅರಳಿತು. ಕಾಕಾನ ಎರಡೂ ಕೈ ಹಿಡಿದು ಕುಲುಕಿ, ಹೆಬ್ಬೆರಳು ಎತ್ತಿ ತೋರಿಸಿ ಹೋದರು. ಕಾಕಾನ ಮುಖ ಅದಕ್ಕಿಂತ ಹೆಚ್ಚು ಅರಳಿತು! "ನೋಡಿದೇನು ತಂಗಿ? ಸಮಾಧಾನದಿಂದ ಹೇಳಿದ್ರ ಮಂದಿ ಕೇಳ್ತಾರ!" ಎಂದು ಸ್ಕೂಟಿಯ ಹಿಂದೆ ಕೂತು ಓಣಿಯುದ್ದಕ್ಕೂ ನನ್ನನ್ನು ಹೊಗಳಿದ. ಸ್ಕೂಟಿ ಓಡಿಸುತ್ತ ಪಾಟಿ ಬರೆಯಲಾಗುತ್ತದೆಯೇ? ಆ ನೆಪ ಮನೆ ಮುಟ್ಟುವವರೆಗೆ ನಡೆಯಿತು. ಆಮೇಲಿನ ಎರಡು ವಾರಕ್ಕೆ ನನ್ನಲ್ಲಿ ಯಾವ ನೆಪವೂ ಇಲ್ಲ. "ಸೋಮವಾರ ಅಗೀತಾರ," ಎಂದು ಕಾಕಾ ಹೇಳುತ್ತಲೇ ಇದ್ದ. ಒಂದು ಸೋಮವಾರ ಹೋಯಿತು. ಇನ್ನೊಂದೂ ಹೋಯಿತು.

ಅದು ನೀರು ಬಿಡುವ ದಿನ. ಮೊದಲ ಪಾಠಕ್ಕೆ ಮುನ್ನ ಇಡ್ಲಿ ತಿನ್ನೋಣವೆಂದು ಹೋದರೆ ಬಂಡಿಯ ಬಳಿ ಗದ್ದಲ. ಗಿರಾಕಿಗಳು ನಿಲ್ಲುವ ಜಾಗದ ನಟ್ಟನಡುವೆ ಕುರ್ಚಿ ಹಾಕಿ, ಕಾಕಾ ಬಂದವರನ್ನೆಲ್ಲ ಕೈಬೀಸಿ ಓಡಿಸುತ್ತಿದ್ದಾನೆ!

"ಮೀ ಕಾಕಕು ಪಿಚ್ಚಿ ಲೇಸಿಂದಾ?" ಹುಚ್ಚು ಕೆರಳಿದೆಯೇ ಎಂದು ಅಕ್ಕ ಸೌಟು ಹಿಡಿದು ನನ್ನ ಮೇಲೆ ಎಗರಿದಳು.

ಕಾಕಾ ಸರಳಿನಿಂದ ತಲೆ ಎತ್ತಿದ. "ತಂಗಿ, ಗೂಟ ಹೋತು," ಎಂದ. ಕಿವುಡರು ಗಟ್ಟಿಯಾಗಿ ಮಾತನಾಡುತ್ತಾರೆ. ನಮ್ಮ ಕಾಕಾನ ಪಿಸುಮಾತು ಮೂರು ಮನೆಗೆ ಕೇಳುತ್ತದೆ. ಅವತ್ತು ಅವನ ದನಿ ನನಗೊಬ್ಬಳಿಗೇ ಕೇಳಿಸುವಷ್ಟು ಸಣ್ಣದಾಗಿತ್ತು. "ಒಳಗ ಮಣ್ಣು ಜಾರಾಕತ್ತೈತಿ. ಬಂಡಿ ತಗಿ ಅನ್ನು ಆಕಿಗೆ. ಈಗಿಂದೀಗ ಅನ್ನು."

ಹೇಳಿದೆ. ಒಂದು ಮಾತನ್ನೂ ಬಿಡದೆ, ಒಂದನ್ನೂ ಸೇರಿಸದೆ, ಗಂಟಲು ಹರಿಯುವಂತೆ ಕೂಗಿ ಹೇಳಿದೆ. ಅಕ್ಕ ಕಾಕಾನನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ಏನು ಕಂಡಳೋ, ಚಕ್ರದ ಕೆಳಗಿನ ಕಲ್ಲನ್ನು ಒದ್ದಳು. ನಾಲ್ಕು ಜನ ಬಂಡಿ ತಳ್ಳಿದರು, ಒಬ್ಬನ ಬಾಯಲ್ಲಿ ಇಡ್ಲಿ ಹಾಗೇ ಇತ್ತು. "ಏನೂ ಆಗದಿದ್ದರೆ ಇವತ್ತಿನ ಇಡ್ಲಿಯೆಲ್ಲ ನೀನೇ ತಿನ್ನಬೇಕು!" ಎಂದು ಅಕ್ಕ ತಳ್ಳುತ್ತಲೇ ಕೂಗಿದಳು.

ಎಲ್ಲರೂ ದೂರ ಸರಿದರು. ನಾನು ಏನು ಮಾಡಿದೆ ಗೊತ್ತೇ? ಕುರ್ಚಿ ತರಲು ವಾಪಸು ಹೋದೆ! ನಮ್ಮ ಮನೆಯ ಕುರ್ಚಿ ಬಿಟ್ಟು ಬರುವುದುಂಟೇ?

ಹಿಂದಿನಿಂದ ನನ್ನ ಬ್ಯಾಗಿನ ಪಟ್ಟಿಯನ್ನು ಯಾರೋ ಜಗ್ಗಿದರು. ಕುರ್ಚಿಯ ಒಂದು ಕಾಲು ಕೆಳಗಿಳಿಯಿತು. ಆಮೇಲೆ ಕುರ್ಚಿ. ಆಮೇಲೆ ಬಂಡಿ ನಿಂತಿದ್ದ ಜಾಗವಿಡೀ. ದೊಡ್ಡ ಸದ್ದೇನೂ ಆಗಲಿಲ್ಲ. ರಸ್ತೆ ಒಂದು ಗುಟುಕು ನುಂಗಿದಂತೆ, ಅಷ್ಟೇ. ಅಂಚಿನಲ್ಲಿದ್ದ ನನ್ನ ಬಲಗಾಲಿನ ಚಪ್ಪಲಿ ಜಾರಿ, ತಿರುಗುತ್ತ, ಕೆಂಪು ನೀರಿಗೆ ಬಿತ್ತು. ಪಾಠದ ನಡುವೆ ಬೋರ್ಡಿನತ್ತ ತಿರುಗಿದರೆ ಈಗಲೂ ಆ ಚಪ್ಪಲಿ ಬೀಳುತ್ತಲೇ ಇರುತ್ತದೆ.

ಯಾರಿಗೂ ಗಾಯವಾಗಲಿಲ್ಲ. ಇಂಜಿನಿಯರು ಓಡಿಬಂದರು. "ಸಭೆಯಾದ ಮೇಲೆ ಇನ್ನೊಂದು ಮಾತು ಹೇಳಿದ್ದರೆ ಅಗೆದು ನೋಡುತ್ತಿದ್ದೆನಲ್ಲ ಮೇಡಂ," ಎಂದರು. ಎರಡು ವಾರದ ಹಿಂದೆ ಇಲ್ಲೇ ಕಾಕಾ ಹೇಳಿದ್ದೇನು, ನಾನು ಹೇಳಿದ್ದೇನು ಎಂಬುದನ್ನು ಅವರಿಗೆ ಹೇಳಿದೆ. ಆಮೇಲೆ ಪಾಟಿ ತೆಗೆದುಕೊಂಡೆ. "ಅವತ್ತು ನೀ ಹೇಳಿದ್ದನ್ನು ನಾ ಇವರಿಗೆ ಹೇಳಲೇ ಇಲ್ಲ. ನಾಚಿಕೆ ಆಯಿತು," ಎಂದು ಬರೆದೆ. ಅಕ್ಷರ ಒಂದೂ ನೆಟ್ಟಗಿರಲಿಲ್ಲ.

ಕಾಕಾ ಎರಡು ಸಲ ಓದಿದ. ಚಷ್ಮಾ ತಂದಿಲ್ಲ ಎನ್ನಲಿಲ್ಲ. ಧೋತರದ ಚುಂಗಿನಿಂದ ಒರೆಸಿದ.

"ಆ ಗೂಟ ಬಡದಾಂವ ನಾನ, ತಂಗಿ. ಸದ್ಯಕ್ಕ ಇರಲಿ, ನಾಳೆ ಪಕ್ಕಾ ಮಾಡೂಣು ಅಂತ ಮಣ್ಣು ಮುಚ್ಚಿದೆ. ನಾಳೆ ಬರಲೇ ಇಲ್ಲ. ಸಾಹೇಬರು ಬೈತಾರಂತ ನಕ್ಷಾದಾಗೂ ಹಾಕಲಿಲ್ಲ. ನನಗೂ ಭಾಳ ನಾಚಿಕಿ ಆಗಿತ್ತು."

ನಾನು ಒಂದೇ ಚಪ್ಪಲಿಯಲ್ಲಿ ನಿಂತೇ ಇದ್ದೆ. ಕಾಕಾ ನನ್ನ ಭುಜ ಹಿಡಿದು ಆ ಕಡೆ ತಿರುಗಿಸಿದ. ಬೆನ್ನಿಗೆ ತಣ್ಣಗೆ ಏನೋ ತಾಗಿತು. ಸರಳು! ಅಷ್ಟು ಜನರೆದುರು ಹಿತ್ತಾಳೆ ಗುಂಡಿಗೆ ತಲೆಯೊತ್ತಿ, ಕಣ್ಣು ಮುಚ್ಚಿ ಆಲಿಸಿದ.

"ಪಂಪ್ ಭಾಳ ಜೋರ ಹೊಡ್ಯಾಕತ್ತೈತಿ. ಒಳಗ ಎಲ್ಲೂ ಒಡದಿಲ್ಲ. ಮನಿಗೆ ನಡಿ."

ಈಗ ಭಾನುವಾರ ಇಂಜಿನಿಯರು ದೊಡ್ಡ ನಕ್ಷೆ ಹಿಡಿದು ಮನೆಗೇ ಬರುತ್ತಾರೆ. ಕಾಕಾ ತಲೆಯೊಳಗಿನ ಪೈಪುಗಳನ್ನು ಒಂದೊಂದಾಗಿ ಅದರ ಮೇಲೆ ಇಳಿಸುತ್ತಾನೆ. ನಾನು ತೆಲುಗಿನಲ್ಲಿ ಹೇಳಿದ್ದು ಮುಗಿದ ಮೇಲೆ, "ನಾ ಅಂದಿದ್ದನ್ನ ಅಂದಿಯೋ ಇಲ್ಲೋ?" ಎಂದು ಪ್ರತಿ ಸಲವೂ ವಿಚಾರಿಸುತ್ತಾನೆ. ಇಷ್ಟೂ ಅನ್ನಿಸಿಕೊಳ್ಳದಿದ್ದರೆ ಹೇಗೆ?

ಹೊರಗೆ ಭಾರದ ಲಾರಿ ಹಾದು ಮನೆಯ ಕಿಟಕಿ ಅದುರಿದಾಗ ನಾನು ಎದ್ದು ಹೋಗಿ ಕಾಕಾನಿಗೆ ಬೆನ್ನು ಮಾಡಿ ಕೂರುತ್ತೇನೆ. ತಣ್ಣನೆಯ ತುದಿ ಬಂದು ಬೆನ್ನಿಗೆ ತಾಗುತ್ತದೆ. ಅವನು ಎಷ್ಟು ಹೊತ್ತು ಆಲಿಸುತ್ತಾನೋ ಅಷ್ಟು ಹೊತ್ತೂ ನನ್ನ ಕಾಲಡಿಯ ನೆಲ ಇದ್ದಲ್ಲೇ ಇರುತ್ತದೆ.