ಬಿಸಿಲು ಮೇಯಿಸಿದ ಬುಡೇನ್ ಸಾಬ್

ಬೆಳಗ್ಗೆ ಒಂಬತ್ತೂವರೆಗೆ ತೆಂಗಿನ ಗರಿಯ ನೆರಳು ಸೋಲಾರ್ ಹಲಗೆಯ ಮೇಲೆ ಬಂದು ಮಲಗಿತು. ಬುಡೇನ್ ಸಾಬರ ಹಗ್ಗ ಹೊಸೆಯುವ ಯಂತ್ರ ಎರಡು ಸಲ ಕೆಮ್ಮಿ, ಮುದಿ ಎಮ್ಮೆಯ ಹಾಗೆ ಕೂತುಬಿಟ್ಟಿತು. ಐದರ ಬಸ್ಸಿಗೆ ಮಾಯಸಂದ್ರದ ಅಂಗಡಿ ದಯಾನಂದನಿಗೆ ಮೂವತ್ತು ನಾರಿನ ಹಗ್ಗ ಹೋಗಬೇಕು. ತಪ್ಪಿದರೆ ನೈಲಾನಿಗೇ ತಿರುಗುತ್ತೇನೆ ಎಂದಿದ್ದ.

ಹೋದ ತಿಂಗಳವರೆಗೆ ಡೀಸೆಲ್ ಎಂಜಿನ್ ಇತ್ತು. "ಭೂಮಿ ದೇವರು ನಂಬಿ, ಕಾಪಾಡಲು ಒಪ್ಪಿಸಿದ ಅಮಾನತ್ತು. ನಿಮ್ಮ ಹೊಗೆ ಪಕ್ಕದ ಮನೆಗೆ ಹೋದರೆ ನೆರೆಯವರ ಹಕ್ಕು ಕಿತ್ತುಕೊಂಡ ಹಾಗೆ" ಎಂದು ಶುಕ್ರವಾರ ಮಸೀದಿಯ ಪ್ರವಚನದಲ್ಲಿ ಗುರುಗಳಾದ ಹಜರತ್ ಹೇಳಿದ್ದು ಸಾಬರ ಎದೆಗೆ ನಾಟಿತ್ತು. ಎಂಜಿನ್ ಮಾರಿ ಸೋಲಾರ್ ಹಾಕಿಸಿದ್ದರು.

"ಮರ ಕಡುದ್ಬುಡಿ ಸಾಬ್ರೇ" ಎಂದ ಕಾಯಿ ಕೀಳಲು ಬಂದಿದ್ದ ಕೆಂಪಯ್ಯ.

"ನಮ್ಮಮ್ಮ ನೆಟ್ಟಿದ್ದು ಕಣಪ್ಪ. ಅಳಿಲು ತಿಂದ್ರೂ, ಕಳ್ಳ ಕದ್ರೂ ನೆಟ್ಟೋರಿಗೆ ಪುಣ್ಯ ಅಂತಾರೆ ನಮ್ಮಲ್ಲಿ. ಅಮ್ಮನ್ ಪುಣ್ಯಕ್ಕೆ ನಾನೇ ಕೊಡ್ಲಿ ಹಾಕ್ಲಾ?"

"ಹಂಗಾರೆ ಹಲಗೇನೇ ನಡುಸ್ರಿ."

ಹಲಗೆ ತಳ್ಳುಗಾಡಿ ಏರಿತು. ಸಾಬರು ಹಿಂದೆ, ಉದ್ದನೆಯ ವೈರು ಅವರ ಹಿಂದೆ, ನೆರಳು ಎಲ್ಲರ ಹಿಂದೆ. ದಾರಿಹೋಕರೆಲ್ಲ ಕೇಳುವವರೇ: "ಏನ್ ಸಾಬ್ರೇ, ಬಿಸ್ಲು ಮೇಯಿಸ್ತಿದ್ದೀರಾ?"

ಕೊನೆಗೆ ಪಕ್ಕದ ಮನೆ ತಿಮ್ಮಕ್ಕನ ಅಂಗಳ ಸಿಕ್ಕಿತು. ಅಲ್ಲಿ ಮರವಿಲ್ಲ, ಬಿಸಿಲು ಕೆರೆಯ ಹಾಗೆ ತುಂಬಿತ್ತು.

"ಇಲ್ಲೇ ಇಕ್ಕೊಳ್ಳಿ, ಅದಕ್ಕೇನು. ನಿಮ್ ಹೊಗೆ ನಿಂತಿದ್ದೇ ನಂಗೊಂದು ಹಬ್ಬ" ಎಂದಳು ತಿಮ್ಮಕ್ಕ.

"ಅದು ನೆರೆಯೋರ ಹಕ್ಕು ಕಣಮ್ಮ."

"ನಂಗೂ ಹಕ್ಕೈತಾ? ಇಷ್ಟ್ ದಿನ ಯಾರೂ ಹೇಳೇ ಇರ್ನಿಲ್ಲ!"

ಈಚೆ ಸಾಬರ ಅಂಗಳದಲ್ಲಿ ಯಂತ್ರ ಗುಂಯ್ ಎನ್ನತೊಡಗಿತು. ಇಪ್ಪತ್ತೆರಡು ಹಗ್ಗ ಮುಗಿಯಿತು. ಗರಿಗಳ ಗಾಳಿಗೆ ಸಾಬರು ಅಮ್ಮನ ಮರಕ್ಕೆ ಒರಗಿದರು, ಕಣ್ಣು ಮುಚ್ಚಿತು. ಕನಸಿನಲ್ಲಿ ಊರಿಂದ ದಬ್ಬೇಘಟ್ಟಕ್ಕೆ ಹೋಗುವ ದಾರಿಯ ತೆಂಗಿನ ಮರಗಳೆಲ್ಲ ತಮ್ಮ ನೆರಳನ್ನು ಛತ್ರಿಯಂತೆ ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟಿದ್ದವು. ಮುಂದೆ ಅಮ್ಮ, ಮಡಿಲಲ್ಲೊಂದು ಅಳಿಲು. "ಬಾರೋ, ಎಲ್ಲರಿಗೂ ಬಿಸಿಲೈತೆ" ಎಂದು ಕರೆದಳು.

ಸದ್ದಿಲ್ಲದ್ದಕ್ಕೆ ಎಚ್ಚರವಾಯಿತು. ಗಂಟೆ ಮೂರು. ಯಂತ್ರ ನಿಂತಿತ್ತು. ಓಡಿಹೋಗಿ ನೋಡಿದರೆ ಹಲಗೆಯ ತುಂಬ ಹಸಿ ಸಂಡಿಗೆ, ಸಾಲು ಸಾಲು!

"ನೆಲದಾಗಿಟ್ರೆ ಕೋಳಿ ಕೆದುಕ್ತವೆ ಸಾಬ್ರೇ. ಇದು ಒಳ್ಳೆ ಕಾದ ಕಾವಲಿ ಹಂಗೈತೆ" ಎಂದಳು ತಿಮ್ಮಕ್ಕ, ಕೈ ಒರೆಸಿಕೊಳ್ಳುತ್ತ. "ನೆರೆಯೋರ ಹಕ್ಕು ಅಂತ ನೀವೇ ಅಂದ್ರಲ್ಲಾ!"

ಸಾಬರು ಸಂಡಿಗೆ ಎತ್ತಲು ಕೈ ಚಾಚಿದರು. ಹಜರತ್ ನೆನಪಾದರು. ಚಾಚಿದ ಕೈಯಿಂದ ಕಾಗೆ ಓಡಿಸಿದರು.

ಉಳಿದ ಎಂಟು ಹಗ್ಗವನ್ನು ತಾತನ ಕಾಲದಂತೆ ಕೈಯಲ್ಲೇ ಹೊಸೆದರು. ಕೆಂಪಯ್ಯ ಇನ್ನೊಂದು ತುದಿ ಹಿಡಿದ. ಐದರ ಬಸ್ಸು ಸಿಕ್ಕಿತು.

ಏಳಕ್ಕೆ ದಯಾನಂದನ ಫೋನು. ಸಾಬರು ಸ್ಪೀಕರಿಗೆ ಹಾಕಿದರು. "ಸಾಬ್ರೇ, ಅದ್ರಲ್ಲಿ ಎಂಟು ಹಗ್ಗ ಏನ್ ಗಟ್ಟಿ ಅವೆ ರೀ! ಕೈಲಿ ಹೊಸೆದಿದ್ದು ತಾನೆ? ಮುಂದಿನ್ ವಾರ ಅಂಥವೇ ನೂರು ಕಳುಸ್ರಿ. ಯಂತ್ರದ್ದು ಬ್ಯಾಡ."

ಸಾಬರು ಅಂಗೈ ನೋಡಿಕೊಂಡರು. ಬೊಬ್ಬೆಗಳು ಎಣ್ಣೆಗೆ ಬಿಟ್ಟ ಸಂಡಿಗೆಯಂತೆ ಉಬ್ಬಿದ್ದವು.

ಗೋಡೆಯಾಚೆಯಿಂದ ತಿಮ್ಮಕ್ಕ ಕೂಗಿದಳು: "ಎಲ್ಲಾ ಕೇಳುಸ್ತು ಸಾಬ್ರೇ! ಯಂತ್ರ ಬ್ಯಾಡ್ವಂತಲ್ಲ, ಹಲಗೆ ಇಲ್ಲೇ ಇರ್ಲಿ. ನಾಳೀಕೆ ಹಪ್ಪಳ!"